ಕಬ್ಬಿನ ಸಿಹಿಯೂ ಹಗೇವಿನ ಗಾಳಿಯೂ
(ಮಕ್ಕಳಿಗೆ ಅಂಗಾರಾಮ್ಲ ವಾಯುವಿನ ಪಾಠ)

ವಿಜಯನಗರದ ಅರಸರ ಕಾಲದ ರಾಯ ಕಾಲುವೆಯ ನೀರು ಕಮಲಾಪುರದ ಕೆರೆಯನ್ನು ಸೇರುವುದು. ಆ ಸೀಮೆಯಲ್ಲಿ ಕಬ್ಬು ಜಗಿಯುವ ಮಗುವನ್ನು, ಈ ಸಿಹಿ ಎಲ್ಲಿಂದ ಬಂದಿತೆಂದು ಕೇಳಿದರೆ, ಮಣ್ಣಿನಿಂದ, ನೀರಿನಿಂದ ಎನ್ನುವುದು. ಆದರೆ ಸಕ್ಕರೆಯಲ್ಲಿರುವ ಇಂಗಾಲವೆಲ್ಲವೂ ಗಾಳಿಯಿಂದ ಬಂದುದು. ಗಾಳಿಯಲ್ಲಿರುವ ಅಂಗಾರಾಮ್ಲ ವಾಯುವನ್ನು ಎಲೆಗಳು ಒಳಗೆ ತೆಗೆದುಕೊಂಡು, ಬಿಸಿಲಿನ ಬಲದಿಂದ ನೀರಿನೊಡನೆ ಕೂಡಿಸಿ ಸಕ್ಕರೆಯನ್ನು ಮಾಡುವುವು. ಇಂದಿನ ಪುಸ್ತಕಗಳಲ್ಲಿ ಈ ವಾಯುವಿಗೆ ಇಂಗಾಲದ ಡೈಆಕ್ಸೈಡ್ ಎಂದು ಹೆಸರು.

ಪ್ರಯೋಗ: ಈ ವಾಯುವಿಗೆ ಬಣ್ಣವಿಲ್ಲ. ಅದನ್ನು ಮಕ್ಕಳಿಗೆ ತೋರಿಸಬೇಕಾದರೆ, ಎಲೆ ಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ತಂಗಲು ಬಿಟ್ಟು, ಮೇಲಿನ ತಿಳಿಯನ್ನು ಗಾಜಿನ ಲೋಟಕ್ಕೆ ಬಸಿಯಬೇಕು. ಉಪಾಧ್ಯಾಯರು ಕೊಳವೆಯಿಂದ ಅದರೊಳಕ್ಕೆ ಮೆಲ್ಲನೆ ಊದತಕ್ಕದ್ದು, ಹೀರಕೂಡದು. ತಿಳಿನೀರು ಹಾಲಿನಂತೆ ಬೆಳ್ಳಗಾಗುವುದು. ಉಸಿರಿನೊಡನೆ ಹೊರಬಂದ ಅಂಗಾರಾಮ್ಲವೇ ಇದಕ್ಕೆ ಕಾರಣ.

ಪ್ರಮಾಣ: ಗಾಳಿಯನ್ನು 10,000 ಕಾಳುಗಳ ಜೋಳದ ರಾಶಿಯೆಂದು ತಿಳಿದರೆ, ಅದರಲ್ಲಿ ಈ ವಾಯು ಸುಮಾರು 4 ಕಾಳು ಮಾತ್ರ. ನಾವು ಬಿಡುವ ಉಸಿರಿನಲ್ಲಿ ಸುಮಾರು 400 ಕಾಳು. 1750ರ ಸುಮಾರಿನಲ್ಲಿ ಹೊರಗಿನ ಗಾಳಿಯಲ್ಲಿ ಇದು 3 ಕಾಳಿಗೂ ಕಡಮೆಯಿದ್ದಿತು. ಕಲ್ಲಿದ್ದಲು, ಪೆಟ್ರೋಲು ಮುಂತಾದುವನ್ನು ಸುಟ್ಟುದರಿಂದಲೂ ಕಾಡು ಕಡಿದುದರಿಂದಲೂ ಹೆಚ್ಚಿತು. ಭೂಮಿಯ ಶಾಖವು ಹೊರಗೆ ಹೋಗದಂತೆ ಈ ವಾಯು ತಡೆಯುವುದರಿಂದ ಲೋಕದ ಸೆಕೆಯೂ ಏರುತ್ತಿರುವುದು. ಅಷ್ಟು ಸ್ವಲ್ಪವಾದ ವಸ್ತುವಿನಲ್ಲಿ ಒಂದು ಕಾಳಿನ ವ್ಯತ್ಯಾಸವೂ ಸಣ್ಣದಲ್ಲ.

ಎಚ್ಚರಿಕೆ: ಬಯಲು ಸೀಮೆಯಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುವ ವಾಡಿಕೆಯಿದ್ದಿತು. ಕಾಳುಗಳೂ ಉಸಿರಾಡುವುವು. ಬಾಯಿ ಮುಚ್ಚಿದ ಹಗೇವಿನಲ್ಲಿ ಆಮ್ಲಜನಕವು ಕಡಮೆಯಾಗಿ, ಅಂಗಾರಾಮ್ಲವು ತುಂಬುವುದು. ಹುಳುಗಳು ಸತ್ತು ಜೋಳ ಉಳಿಯುವುದು ಇದರಿಂದಲೇ. ಒಳಗಿಳಿದ ಮನುಷ್ಯನು ಸಾಯುವುದೂ ಇದರಿಂದಲೇ. ಈ ವಾಯು ಗಾಳಿಗಿಂತ ಭಾರವಾದುದರಿಂದ, ಬಾಯಿ ತೆರೆದ ಮೇಲೆಯೂ ತಳದಲ್ಲಿ ನಿಂತಿರುವುದು. ಬಳಸದ ಹಾಳು ಬಾವಿಗಳಲ್ಲಿಯೂ ಇದೇ ಭಯವುಂಟು.

ದೀಪವನ್ನು ಇಳಿಬಿಟ್ಟು ನೋಡುವುದು ಹಿರಿಯರ ರೂಢಿ. ದೀಪ ಆರಿದರೆ ಅಲ್ಲಿ ಮೃತ್ಯುವಿದೆಯೆಂದು ತಿಳಿಯಬೇಕು. ಆರದಿದ್ದರೂ ಕ್ಷೇಮವೆಂದು ನಂಬಕೂಡದು. ಒಳಗೆ ಬಿದ್ದವನನ್ನು ಎತ್ತಲು ಇನ್ನೊಬ್ಬನು ಹಾಗೆಯೇ ಇಳಿದರೆ ಇಬ್ಬರೂ ಉಳಿಯಲಾರರು. ಚೆಂಡು ಬಿದ್ದರೂ, ಕುರಿಮರಿ ಬಿದ್ದರೂ, ಜೊತೆಗಾರನೇ ಬಿದ್ದರೂ ಮಕ್ಕಳು ಇಳಿಯಕೂಡದು. ಓಡಿಹೋಗಿ ದೊಡ್ಡವರನ್ನು ಕೂಗತಕ್ಕದ್ದು. ಈ ಒಂದು ಮಾತನ್ನು ಉಪಾಧ್ಯಾಯರು ಪ್ರತಿಯೊಂದು ಮಗುವಿನಿಂದಲೂ ಬಾಯಿಬಿಟ್ಟು ಹೇಳಿಸಿದ ಮೇಲೆಯೇ ಪಾಠವನ್ನು ಮುಗಿಸಬೇಕು.