ಪಾವತಿ ಕಂಪನಿ ಹೆಸರು ಬದಲಿಸಿದಾಗ: ಮಲೆನಾಡಿನ ಎಳೆಯ ವ್ಯಾಪಾರಿಗಳಿಗೆ ಪತ್ರ



ಪಾವತಿ ಕಂಪನಿಯೊಂದು ಹೆಸರು ಬದಲಿಸಿತೆಂದರೆ ಆನ್‌ಲೈನ್ ಅಂಗಡಿಯಲ್ಲಿ ಬದಲಾಗಬೇಕಾದದ್ದು ಬರೀ ಲೋಗೋ ಅಲ್ಲ. ಹಣ ಕಟ್ಟುವ ಪುಟದ ಹೆಸರು, ಬ್ಯಾಂಕಿನ ಎಸ್ಸೆಮ್ಮೆಸ್ಸಿನಲ್ಲಿ ಬರುವ ಹೆಸರು ಗ್ರಾಹಕರ ಕಣ್ಣಿಗೆ ಬೀಳುತ್ತವೆ. ಪ್ಲಗಿನ್, ಎಪಿಐ ಕೀ, ವೆಬ್‌ಹುಕ್ ವಿಳಾಸ ಬೀಳುವುದಿಲ್ಲ. ಮೊದಲಿನವು ಹಳೆಯವಾಗಿಯೇ ಉಳಿದರೆ ಗ್ರಾಹಕರಿಗೆ ಅನುಮಾನ ಬರುತ್ತದೆ. ಎರಡನೆಯವು ಉಳಿದರೆ ದುಡ್ಡು ಬರುವುದೇ ನಿಂತೀತು. ಸಾಗರ, ಹೊಸನಗರ, ತೀರ್ಥಹಳ್ಳಿಯ ಮನೆಗಳಿಂದ ಅಪ್ಪೆಮಿಡಿ, ಜೋನಿಬೆಲ್ಲ, ಹಲಸಿನ ಹಪ್ಪಳ ಮಾರುವ ಹುಡುಗ ಹುಡುಗಿಯರು ಈ ಕೆಲಸವನ್ನು ‘ಸೀಸನ್ ಮುಗೀಲಿ, ಆಮೇಲೆ ನೋಡಣ’ ಎಂದು ಮುಂದೂಡುತ್ತಿರುವುದೇ ಹಿರಿಯರ ಚಿಂತೆ.

ಹಿಂದಿನ ತಲೆಮಾರಿನವರು ದೂರದೂರಿಗೆ ಮಾಲು ಕಳಿಸುತ್ತಿದ್ದದ್ದು ವಿ.ಪಿ.ಪಿ.ಯಲ್ಲಿ. ಪೋಸ್ಟ್‌ಮ್ಯಾನ್ ಹಣ ಇಸಿದುಕೊಂಡೇ ಪಾರ್ಸೆಲ್ ಕೊಡುತ್ತಿದ್ದ; ಆ ಹಣ ಮನಿಯಾರ್ಡರಾಗಿ ಊರಿಗೆ ಬರುತ್ತಿತ್ತು. ಪಾರ್ಸೆಲ್ ಬೇಡವೆಂದರೆ ಡಬ್ಬಿಯೇ ವಾಪಸು, ಅಂಚೆಯ ಖರ್ಚು ಕಳಿಸಿದವರ ತಲೆಗೆ. ಆಮೇಲೆ ಬ್ಯಾಂಕಿನ ಕಾಲ ಬಂತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, 1928ರಿಂದ ಪಿಗ್ಮಿ ಹಣ ಕೂಡಿಸಿ ಮನೆಮಾತಾಗಿದ್ದ ಸಿಂಡಿಕೇಟ್ ಬ್ಯಾಂಕಿನ ಹೆಸರು ಅಳಿಯಬಹುದೆಂದು ಆ ತಲೆಮಾರು ಎಣಿಸಿಯೇ ಇರಲಿಲ್ಲ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐಗೆ ಸೇರಿತು. 2019ರ ಅದೇ ದಿನ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿಗೆ. 2020ರ ಅದೇ ದಿನ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ.

ಸಿಂಡಿಕೇಟಿನ ಬೋರ್ಡು ಬದಲಾದರೂ ಖಾತೆ ಸಂಖ್ಯೆ ಹಾಗೇ ಇದ್ದುದರಿಂದ ಏನೂ ಆಗಿಲ್ಲವೆಂದು ಎಷ್ಟೋ ಜನ ಸುಮ್ಮನಿದ್ದರು. 2021ರ ಜುಲೈ 1ರಿಂದ ಹಳೆಯ ಐಎಫ್‌ಎಸ್‌ಸಿ ರದ್ದಾಯಿತು. ‘ಎಸ್‌ವೈಎನ್‌ಬಿ’ ಹೋಗಿ ‘ಸಿಎನ್‌ಆರ್‌ಬಿ’ ಬಂತು, ಶಾಖೆಯ ಸಂಖ್ಯೆಗೆ 10000 ಕೂಡಿಸಬೇಕಾಯಿತು: 3687 ಇದ್ದದ್ದು 13687. ಹದಿನೈದು ತಿಂಗಳ ಗಡುವಿತ್ತು. ಅಷ್ಟಾದರೂ ಬಿಲ್ಲಿನ ಮೇಲೆ, ಡಬ್ಬಿಯ ಲೇಬಲ್ಲಿನ ಮೇಲೆ ಹಳೆಯ ಕೋಡನ್ನೇ ಉಳಿಸಿಕೊಂಡವರು ಕೊನೆಗೆ ಒಂದೊಂದಕ್ಕೂ ಚೀಟಿ ಅಂಟಿಸುತ್ತ ಕೂರಬೇಕಾಯಿತು.

ಎಲ್ಲ ಹೆಸರು ಬದಲಾವಣೆಯೂ ಹೀಗಿರುವುದಿಲ್ಲ. 2018ರ ಆಗಸ್ಟ್ 28ರಂದು ತೇಜ್ ಆ್ಯಪ್ ಗೂಗಲ್ ಪೇ ಆದಾಗ ಅಂಗಡಿಯವರಿಗೆ ಹೆಚ್ಚಿನ ಕೆಲಸವೇನೂ ಬೀಳಲಿಲ್ಲ. 2024ರ ಮಾರ್ಚಿನಲ್ಲಿ ಪೇಟಿಎಂನದು ಇದಕ್ಕೆ ಉಲ್ಟಾ: ಹೊರಗಿನ ಹೆಸರು ಅದೇ, ರಿಸರ್ವ್ ಬ್ಯಾಂಕಿನ ಕ್ರಮದಿಂದ ಹಿಂದಿದ್ದ ಬ್ಯಾಂಕು ಬದಲಾಯಿತು, ಗ್ರಾಹಕರ ಯುಪಿಐ ವಿಳಾಸದ ಬಾಲವನ್ನೂ ಬದಲಿಸಬೇಕಾಯಿತು. ಹಾಗಾಗಿ ಕಂಪನಿಯ ನೋಟಿಸನ್ನು ಮೊದಲು ಪೂರ್ತಿ ಓದಬೇಕು, ಅದೂ ಡ್ಯಾಶ್‌ಬೋರ್ಡಿಗೆ ತಾವೇ ಲಾಗಿನ್ ಆಗಿ. ಹೆಸರು ಬದಲಾಗುವ ಹೊತ್ತು ಮೋಸಗಾರರಿಗೂ ಸುಗ್ಗಿ. ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿ ಕೆವೈಸಿ ಕೊಡಕೂಡದು. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಇದೇ ನೆಪದಲ್ಲಿ ಬೇರೆ ಕಂಪನಿಗೆ ಹೋಗುವ ಯೋಚನೆ ತಪ್ಪೇನಲ್ಲ. ಅಲ್ಲಿ ಕಮಿಷನ್ ಕಡಿಮೆ ಇದ್ದೀತು. ಆದರೆ ಪ್ಯಾನ್, ಬ್ಯಾಂಕ್ ದಾಖಲೆ, ವೆಬ್‌ಸೈಟ್ ಪರಿಶೀಲನೆ ಎಲ್ಲ ಮೊದಲಿಂದ ಆಗಬೇಕು, ಅದೂ ಮಿಡಿಯ ಆರ್ಡರ್ ಮುಗಿಬಿದ್ದು ಬರುವ ಹೊತ್ತಿನಲ್ಲಿ. ಇದ್ದ ಕಂಪನಿಯಲ್ಲೇ ಎಲ್ಲವನ್ನೂ ಸರಿಮಾಡಿಕೊಳ್ಳುವುದು ಲೇಸು. ಎರಡೂ ಬೇಡವೆಂದು ವಾಟ್ಸಾಪಿನಲ್ಲಿ ಕ್ಯೂಆರ್ ಕಳಿಸಿ, ಸ್ಕ್ರೀನ್‌ಶಾಟ್ ನಂಬಿ ಪಾರ್ಸೆಲ್ ಕಟ್ಟುವುದು ಮಾತ್ರ ಶುದ್ಧ ಸೋಮಾರಿತನ. ಓದಿದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ಬೇಸರ.

ಗದರಿದ್ದು ಅಕ್ಕರೆಯಿಂದಲೇ. ಊರಲ್ಲೇ ನಿಂತು, ಅನಂತಭಟ್ಟನ ಅಪ್ಪೆಯೆಂಬ ಮಾವಿನ ಮಿಡಿಯ ಹೆಸರನ್ನು ದೂರದೂರಿಗೆ ಮುಟ್ಟಿಸಿದ ಮಕ್ಕಳ ಬಗ್ಗೆ ಮನೆಮನೆಯಲ್ಲೂ ಹೆಮ್ಮೆಯಿದೆ. ಕೆಲಸವೂ ಅಂಥ ದೊಡ್ಡದಲ್ಲ. ವೆಬ್‌ಸೈಟಿನ ಬ್ಯಾಕಪ್ ತೆಗೆದು, ಹೊಸ ಪ್ಲಗಿನ್ನನ್ನು ಮೊದಲು ಟೆಸ್ಟ್ ಮೋಡಿನಲ್ಲಿ ಓಡಿಸಬೇಕು. ವೆಬ್‌ಹುಕ್ ಮರೆಯಬಾರದು: ಗ್ರಾಹಕರು ಹಣ ಕಟ್ಟಿ ಅಂಗಡಿಯ ಪುಟಕ್ಕೆ ಮರಳುವ ಮೊದಲೇ ನೆಟ್‌ವರ್ಕ್ ಹೋದರೂ ಹಣ ಬಂದ ಸುದ್ದಿ ಅಂಗಡಿಯ ಸರ್ವರ್‌ಗೆ ಮುಟ್ಟುವುದು ಅದರಿಂದ. ಮಳೆಗಾಲದಲ್ಲಿ ಹೊಸನಗರ ತಾಲೂಕಿನ ನಗರ, ನಿಟ್ಟೂರಿನ ಕಡೆ ಅಂಗಡಿಯವರ ಫೋನು ಸತ್ತು ಬಿದ್ದಿದ್ದರೂ ಆರ್ಡರು ದಾಖಲಾಗಿರುತ್ತದೆ. ಆಮೇಲೆ ಸ್ವಂತ ಹಣದಲ್ಲಿ ಸಣ್ಣ ಆರ್ಡರೊಂದನ್ನು ಹಾಕಿ, ಎಸ್ಸೆಮ್ಮೆಸ್ಸಿನಲ್ಲಿ ಯಾವ ಹೆಸರು ಬಂತೆಂದು ನೋಡಿ, ಅದನ್ನೇ ರೀಫಂಡ್ ಮಾಡಿ ಪರೀಕ್ಷಿಸಬೇಕು. ರೀಫಂಡ್ ನಿಯಮದ ಪುಟ, ಬಿಲ್ಲು, ಗ್ರಾಹಕರಿಗೆ ಹೋಗುವ ಮೇಲ್‌ಗಳಲ್ಲೂ ಹೆಸರು ತಿದ್ದಬೇಕು. ಹಳೆಯ ಪ್ಲಗಿನ್ನನ್ನು ಮಾತ್ರ ಆ ದಿನವೇ ಅಳಿಸಬಾರದು. ಅದರ ಮೂಲಕ ಹಣ ಕಟ್ಟಿದವರ ಡಬ್ಬಿ ದಾರಿಯಲ್ಲಿ ಒಡೆದಿದ್ದರೆ, ಆ ಹಣ ಹಿಂತಿರುಗಿಸಲು ಹಳೆಯ ವಹಿವಾಟಿನ ದಾಖಲೆ ಬೇಕಾಗುತ್ತದೆ.