ಹೊಲಕ್ಕೆ ಬೇಕಾದ ಓದು

ಅಕ್ಷರ ಕಲಿತೆವು. ಹೆಸರು ಬರೆದೆವು. ಬಸ್ಸಿನ ಬೋರ್ಡು ಓದಿದೆವು. ಇನ್ನು ಮುಂದೆ ಏನು ಓದೋಣ? ಹೊಲಕ್ಕೆ, ಮನೆಗೆ ಬೇಕಾದ್ದನ್ನು ಓದೋಣ.

ಮೊದಲು ಡಬ್ಬಿ ಓದಿ

ಬೆಳೆಗೆ ಹುಳು ಬಿತ್ತು. ಅಂಗಡಿಯಿಂದ ಔಷಧಿ ತಂದೆವು. ನಾವು ಅದನ್ನು ಔಷಧಿ ಅನ್ನುತ್ತೇವೆ. ಆದರೆ ಅದು ವಿಷ. ಡಬ್ಬಿಯ ಮೇಲೆ ಒಂದು ಚೌಕದ ಗುರುತು ಇರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣ ನೋಡಿ.

ಕೆಂಪು: ಅತಿ ಘೋರ ವಿಷ.
ಹಳದಿ: ಹೆಚ್ಚು ವಿಷ.
ನೀಲಿ: ಮಧ್ಯಮ ವಿಷ.
ಹಸಿರು: ಕಡಿಮೆ ವಿಷ.

ಹಸಿರು ಇದ್ದರೂ ಅದು ವಿಷವೇ. ಮಕ್ಕಳ ಕೈಗೆ ಸಿಗಬಾರದು. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಿಡಬಾರದು.

ಅತ್ತೆ ಸೊಸೆ ಮಾತು

ಸೊಸೆ: ಅತ್ತೆ, ಈ ವಿಷ ಇಲ್ಲದೆ ಬೆಳೆ ಬೆಳೆಯೋಕೆ ಆಗಲ್ವಾ?

ಅತ್ತೆ: ಯಾಕಾಗಲ್ಲ? ನಮ್ಮ ಕಾಲದಲ್ಲಿ ರಾಗಿ ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಬಿಟ್ರೆ ಬೇರೇನೂ ಹಾಕ್ತಿರಲಿಲ್ಲ ಕಣಮ್ಮ. ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಇರ್ತಿದ್ವು. ಮಳೆ ಕೈಕೊಟ್ಟು ರಾಗಿ ಹೋದ್ರೂ ಅವರೆಕಾಯಾದ್ರೂ ಬರ್ತಿತ್ತು.

ಸೊಸೆ: ಹಂಗಾದ್ರೆ ಯಾಕೆ ಬಿಟ್ವಿ?

ಅತ್ತೆ: ಬೇಗ ದುಡ್ಡು ಬರ್ತದೆ ಅಂದ್ರು. ಮೊದಮೊದಲು ಬಂತು. ಆಮೇಲೆ ಗೊಬ್ಬರಕ್ಕೆ ಸಾಲ, ಔಷಧಿಗೆ ಸಾಲ, ಬೀಜಕ್ಕೂ ಸಾಲ. ಬೆಳೆ ಮಾರಿದ ದುಡ್ಡು ಅಂಗಡಿಗೇ ಹೋಯ್ತು.

ಅತ್ತೆಯ ಮಾತಿನಲ್ಲಿ ಅರ್ಥವಿದೆ. ಅವರೆ, ತೊಗರಿಯ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಅವುಗಳಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ. ಅವು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಯೂರಿಯಾದಲ್ಲಿ ಇರುವುದೂ ಸಾರಜನಕವೇ. ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತದೆ.

ರಾಗಿ ಊಟಕ್ಕೂ ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶ ಇದೆ. ಇದು ಮೂಳೆಗೆ ಬಲ. ಬಿಳಿ ಅಕ್ಕಿಯಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ಬೆಳೆದ ರಾಗಿಯನ್ನೆಲ್ಲ ಮಾರಬೇಡಿ. ಮೊದಲು ಮನೆಯ ಊಟಕ್ಕೆ, ಮುಂದಿನ ಬಿತ್ತನೆಗೆ ತೆಗೆದಿಡಿ.

ಯಾವ ಪುಸ್ತಕ ಓದಬೇಕು?

ಜಪಾನ್ ದೇಶದಲ್ಲಿ ಮಸನೋಬು ಫುಕುವೋಕಾ ಎಂಬ ರೈತರಿದ್ದರು. ಅವರು ಹುಟ್ಟಿದ್ದು 1913ರಲ್ಲಿ, ತೀರಿಕೊಂಡದ್ದು 2008ರಲ್ಲಿ. ಅವರು ಗದ್ದೆಯನ್ನು ಉಳಲಿಲ್ಲ. ರಾಸಾಯನಿಕ ಗೊಬ್ಬರ ಹಾಕಲಿಲ್ಲ. ವಿಷ ಹೊಡೆಯಲಿಲ್ಲ. ಬತ್ತದ ಹುಲ್ಲನ್ನು ಸುಡದೆ ಮತ್ತೆ ಗದ್ದೆಗೇ ಹರಡಿದರು. ಹುಲ್ಲು ಕೊಳೆತು ಗೊಬ್ಬರವಾಯಿತು. 1975ರಲ್ಲಿ ಅವರು ಈ ಬಗ್ಗೆ ಪುಸ್ತಕ ಬರೆದರು. ಅದು ಕನ್ನಡದಲ್ಲಿ 'ಒಂದು ಹುಲ್ಲಿನ ಕ್ರಾಂತಿ' ಎಂದು ಬಂದಿದೆ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಲೇಖಕ ಪೂರ್ಣಚಂದ್ರ ತೇಜಸ್ವಿಯವರು 'ಸಹಜ ಕೃಷಿ' ಎಂಬ ಪುಸ್ತಕ ಬರೆದರು.

ಓದಿನಿಂದ ಹೊಲ ಬದಲಾಗುತ್ತದೆಯೇ? ಆಗುತ್ತದೆ. ದೊಡ್ಡಬಳ್ಳಾಪುರದ ಬಳಿ ಎಲ್. ನಾರಾಯಣ ರೆಡ್ಡಿ ಎಂಬ ರೈತರಿದ್ದರು. ಮೊದಲು ಅವರೂ ರಾಸಾಯನಿಕ ಗೊಬ್ಬರ ಹಾಕುತ್ತಿದ್ದರು. ಫುಕುವೋಕಾ ಅವರ ವಿಚಾರ ಓದಿದ ಮೇಲೆ ಸಾವಯವ ಕೃಷಿಗೆ ತಿರುಗಿದರು. 2019ರಲ್ಲಿ ತೀರಿಕೊಳ್ಳುವವರೆಗೂ ಊರೂರಿನ ರೈತರಿಗೆ ಅದನ್ನು ಕಲಿಸಿದರು.

'ಅಡಿಕೆ ಪತ್ರಿಕೆ'ಯನ್ನೂ ಓದಿ. ಇದು 1988ರಲ್ಲಿ ಪುತ್ತೂರಿನಲ್ಲಿ ಶುರುವಾಯಿತು. ರೈತರ ಅನುಭವವನ್ನು ರೈತರೇ ಬರೆಯಬೇಕು ಎಂಬುದು ಇದರ ಆಸೆ.

ಈ ಪುಸ್ತಕಗಳನ್ನು ಪಂಚಾಯತಿಯ ಗ್ರಂಥಾಲಯದಲ್ಲಿ ಕೇಳಿ. ಅದಕ್ಕೆ ಈಗ ಅರಿವು ಕೇಂದ್ರ ಎನ್ನುತ್ತಾರೆ. ಒಬ್ಬರು ಓದಿ, ಉಳಿದವರು ಕೇಳಿ.

ಓದಿದ್ದನ್ನೆಲ್ಲ ಹಾಗೇ ಮಾಡಬೇಡಿ

ಜಪಾನಿನ ಮಳೆ ಬೇರೆ. ನಮ್ಮ ಮಳೆ ಬೇರೆ. ಗೊಬ್ಬರ ಬಿಟ್ಟ ಮೊದಲ ವರ್ಷಗಳಲ್ಲಿ ಇಳುವರಿ ಕಡಿಮೆಯಾಗಬಹುದು. ಆದ್ದರಿಂದ ಮೊದಲು ಎರಡು ಗುಂಟೆಯಲ್ಲಿ ಮಾಡಿ ನೋಡಿ. ಪಕ್ಕದ ಎರಡು ಗುಂಟೆಯಲ್ಲಿ ಹಳೆಯ ರೀತಿಯಲ್ಲೇ ಬೆಳೆಯಿರಿ. ಎರಡರ ಖರ್ಚು, ಇಳುವರಿ ಬರೆದಿಡಿ. ಲೆಕ್ಕ ನೋಡಿದ ಮೇಲೆ ಮುಂದುವರಿಯಿರಿ.

ಉತ್ತರ ಹೇಳಿ
1. ಡಬ್ಬಿಯ ಮೇಲೆ ಕೆಂಪು ಬಣ್ಣ ಇದ್ದರೆ ಏನರ್ಥ?
2. ಅಕ್ಕಡಿ ಸಾಲಿನಿಂದ ಏನು ಲಾಭ?
3. ಮೊದಲು ಎರಡೇ ಗುಂಟೆಯಲ್ಲಿ ಮಾಡಿ ನೋಡುವುದು ಏಕೆ?

ನೀವೇ ಬರೆಯಿರಿ
ಕಳೆದ ವರ್ಷ ಬೀಜ, ಗೊಬ್ಬರ, ಔಷಧಿಗೆ ನಿಮ್ಮ ಮನೆಯಲ್ಲಿ ಎಷ್ಟು ಖರ್ಚಾಯಿತು? ಬೆಳೆ ಮಾರಿ ಎಷ್ಟು ಬಂತು? ಕೈಯಲ್ಲಿ ಎಷ್ಟು ಉಳಿಯಿತು?

ನಿಮ್ಮ ಮನೆಯ ಹಿರಿಯರನ್ನು ಕೇಳಿ, ಹಿಂದೆ ನಿಮ್ಮೂರಲ್ಲಿ ಬೆಳೆಯುತ್ತಿದ್ದ ಐದು ಬೆಳೆಗಳ ಹೆಸರು ಬರೆಯಿರಿ.