ಊರ ಕೆರೆಯೂ ಕಾಯಕಧರ್ಮವೂ

ಕಾಯಕವೆಂದರೆ ಹೊಟ್ಟೆಯ ಪಾಡಿಗಾಗಿ ಮಾಡುವ ದುಡಿಮೆ, ದಾಸೋಹವೆಂದರೆ ಜಂಗಮಕ್ಕೆ ಅನ್ನವನ್ನು ನೀಡುವುದು ಎಂದು ಈ ಎರಡು ಮಾತುಗಳ ಅರ್ಥವನ್ನು ಇಷ್ಟಕ್ಕೇ ನಿಲ್ಲಿಸುವ ವಾಡಿಕೆಯುಂಟು. ಶರಣರ ನಡೆಯನ್ನು ಪರಾಮರ್ಶಿಸಿದರೆ ಅವುಗಳ ವ್ಯಾಪ್ತಿ ಬಹಳ ಹಿರಿದೆಂದು ತಿಳಿದುಬರುವುದು. ಬಸವಣ್ಣನವರು ಕಲ್ಯಾಣದಲ್ಲಿ ಕಲಚೂರಿ ಬಿಜ್ಜಳನ ಭಂಡಾರಿಯಾಗಿದ್ದರು. ಎಂದರೆ ನಾಡಿನ ಆಡಳಿತವೇ ಅವರ ಕಾಯಕವಾಗಿದ್ದಿತು. ಸೊನ್ನಲಿಗೆಯ ಸಿದ್ಧರಾಮರು ಜನರನ್ನು ಕೂಡಿಸಿ ಕೆರೆಯನ್ನು ಕಟ್ಟಿಸಿದರು. ಇಂದು ಮಹಾರಾಷ್ಟ್ರಕ್ಕೆ ಸೇರಿರುವ ಸೊಲ್ಲಾಪುರದಲ್ಲಿ ಆ ಕೆರೆಯೂ ಅದರ ನಡುವೆ ಸಿದ್ಧೇಶ್ವರನ ಗುಡಿಯೂ ಈಗಲೂ ಯಾತ್ರಿಕರ ಕಣ್ಣಿಗೆ ಬೀಳುತ್ತವೆ. ಒಬ್ಬರು ಕಾದದ್ದು ನಾಡಿನ ಹಣವನ್ನು, ಇನ್ನೊಬ್ಬರು ಕೂಡಿಟ್ಟದ್ದು ನಾಡಿನ ನೀರನ್ನು. ಎರಡೂ ಒಬ್ಬನ ಸೊತ್ತಲ್ಲ, ಎಲ್ಲರ ಸೊತ್ತು. ತನ್ನದಲ್ಲದ, ಆದರೆ ತನಗೂ ಪಾಲಿರುವ ಇಂಥ ಸೊತ್ತನ್ನು ಮನುಷ್ಯನು ಹೇಗೆ ಕಾಯಬೇಕು? ಇದನ್ನು ಕೆರೆಯೊಂದರ ನಿದರ್ಶನದಿಂದಲೇ ವಿಚಾರಮಾಡುವುದು ಯುಕ್ತವಾಗಿದೆ.

ಕೆರೆಯ ಹಿಂದಿನ ಕಟ್ಟುಪಾಡು

ಕರ್ನಾಟಕದಲ್ಲಿ ಸುಮಾರು ೩೬,೦೦೦ ಕೆರೆಗಳುಂಟು. ಮಳೆ ಬೀಳುವುದು ವರ್ಷದಲ್ಲಿ ಕೆಲವೇ ತಿಂಗಳು. ಬಾಯಾರಿಕೆಯಾದರೋ ಹನ್ನೆರಡು ತಿಂಗಳೂ ಇರುವುದು. ಆದ್ದರಿಂದ ಹಿರಿಯರು ಇಳಿಜಾರಿನಲ್ಲಿ ಏರಿಯನ್ನು ಹಾಕಿ, ತೂಬನ್ನಿಟ್ಟು, ಹೆಚ್ಚಾದ ನೀರು ಹೊರಹೋಗಲು ಕೋಡಿಯನ್ನು ಕಟ್ಟಿದರು. ಮೇಲಿನ ಕೆರೆಯ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಯನ್ನು ಸೇರುವುದು. ಹೀಗೆ ಒಂದು ಹಳ್ಳದುದ್ದಕ್ಕೂ ಕೆರೆಗಳ ಸರಮಾಲೆಯೇ ಏರ್ಪಟ್ಟಿತು. ಮೇಲಿನ ಊರಿನವನು ಮಾಡಿದ ಒಳಿತು ಕೆಡುಕುಗಳೆರಡೂ ಕೆಳಗಿನ ಊರಿನವನ ಗದ್ದೆಗೆ ಇಳಿಯುವಂಥ ಏರ್ಪಾಡು ಇದು.

ಕೆರೆಯನ್ನು ಕಟ್ಟಿದರೆ ಮುಗಿಯಲಿಲ್ಲ. ವರ್ಷವರ್ಷವೂ ಹೂಳು ತುಂಬುವುದು, ಏರಿ ಬಿರಿಯುವುದು. ಅದಕ್ಕೋಸ್ಕರ ಕೆರೆಯ ದುರಸ್ತಿಗೆಂದು ಭೂಮಿಯನ್ನೂ ಬೆಳೆಯ ಪಾಲನ್ನೂ ಬಿಟ್ಟುಕೊಟ್ಟ ಸಂಗತಿಯನ್ನು ನಾಡಿನ ಶಾಸನಗಳು ಸಾರುತ್ತವೆ. ಬಿಟ್ಟುವಟ್ಟವೆಂಬುದು ಇಂಥ ದತ್ತಿಗೆ ಇದ್ದ ಹೆಸರು. ತೂಬನ್ನು ಎತ್ತುವ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುವ ಕೆಲಸವು ನೀರಗಂಟಿಯದು. ಏರಿಯಲ್ಲಿ ಬಿಲ ಕಂಡರೆ ಊರವರು ಕೇಳುತ್ತಿದ್ದುದು ಆತನನ್ನೇ. ಸುಗ್ಗಿಯಲ್ಲಿ ಕಣದಿಂದ ಪಾಲು ಸಲ್ಲುತ್ತಿದ್ದುದೂ ಆತನಿಗೇ. ಕೆರೆಗೆ ಉತ್ತರ ಕೊಡಬೇಕಾದ ಮನುಷ್ಯನು ಯಾರೆಂಬುದು ಊರಿನ ಮಗುವಿಗೂ ತಿಳಿದಿತ್ತು.

ಆ ಕಟ್ಟುಪಾಡು ನಿರ್ದೋಷವಾಗಿದ್ದಿತೆಂದು ಹೇಳಲಾಗದು. ಹಲವು ಊರುಗಳಲ್ಲಿ ಏರಿಯ ಮಣ್ಣನ್ನು ಹೊತ್ತವನಿಗೆ ಅದೇ ಕೆರೆಯ ನೀರನ್ನು ಮುಟ್ಟುವ ಅಧಿಕಾರವಿರಲಿಲ್ಲ. ನೀರಿನ ಮೊದಲ ಪಾಲು ಬಲವುಳ್ಳವನ ಗದ್ದೆಗೇ ಹರಿಯುತ್ತಿದ್ದಿತು. ಇದನ್ನು ಶರಣಧರ್ಮವು ಒಪ್ಪತಕ್ಕುದಲ್ಲ. ಆದುದರಿಂದ ಹಳೆಯದನ್ನು ಹಾಗೆಯೇ ಮರಳಿ ತರಬೇಕೆಂಬುದು ಇಲ್ಲಿಯ ಅಭಿಪ್ರಾಯವಲ್ಲ. ಅದರಲ್ಲಿದ್ದ ಹೊಣೆಗಾರಿಕೆಯನ್ನು ಉಳಿಸಿಕೊಂಡು, ಅದರಲ್ಲಿದ್ದ ಅನ್ಯಾಯವನ್ನು ಕಳೆಯಬೇಕು.

ಕಾಲಕ್ರಮದಲ್ಲಿ ಕೆರೆಗಳು ಸರಕಾರದ ವಶಕ್ಕೆ ಬಂದುವು. ಈಗ ಕರ್ನಾಟಕದಲ್ಲಿ ೪೦ ಹೆಕ್ಟೇರಿನೊಳಗೆ ಅಚ್ಚುಕಟ್ಟುಳ್ಳ ಕೆರೆಗಳು ಪಂಚಾಯತಿಗಳ ಪಾಲಿಗೂ, ಅದಕ್ಕೆ ಮೇಲ್ಪಟ್ಟವು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯ ಪಾಲಿಗೂ ಸೇರಿವೆ. ಲೆಕ್ಕದ ಪುಸ್ತಕದಲ್ಲಿ ಕೆರೆಗೆ ಒಡೆಯನಿದ್ದಾನೆ. ಏರಿಯ ಮೇಲೆ ನಿಂತು ನೋಡುವವನು ಮಾತ್ರ ಅಪೂರ್ವ.

ನೀರು ಮನೆಗೆ ಬಂದಾಗ

ಇದರ ಪರಿಣಾಮವನ್ನು ರಾಜಧಾನಿಯಲ್ಲಿಯೇ ಕಾಣಬಹುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದ ದಿಣ್ಣೆಯ ಮೇಲಿದೆ. ಅದಕ್ಕೆ ದೊಡ್ಡ ನದಿಯ ಆಸರೆಯಿಲ್ಲ. ಕೆರೆಗಳೇ ಅದರ ಜೀವಾಳವಾಗಿದ್ದುವು. ೧೯ನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ ಕೊಳವೆಗಳಲ್ಲಿ ನೀರು ಬಂದಿತು. ೧೯೩೩ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸಿದ್ಧವಾಯಿತು. ೧೯೭೪ರಲ್ಲಿ ಸುಮಾರು ೧೦೦ ಕಿಲೋಮೀಟರು ದೂರದಿಂದ, ಸುಮಾರು ೫೦೦ ಮೀಟರು ಮೇಲಕ್ಕೆ ಎತ್ತಿ, ಕಾವೇರಿಯ ನೀರನ್ನು ತರಲಾಯಿತು. ಇವು ಜನಹಿತದ ಕಾರ್ಯಗಳೇ ಸರಿ. ಆದರೆ ನೀರು ಮನೆಯ ನಲ್ಲಿಗೆ ಬಂದಂತೆಲ್ಲ ಬೀದಿಯ ಕೊನೆಯ ಕೆರೆಯ ಅಗತ್ಯವು ಕಣ್ಣಿಗೆ ಕಾಣದಾಯಿತು. ಕುಡಿಯುವ ನೀರಿನ ಕೆರೆಯನ್ನು ಯಾರೂ ಹೊಲಸು ಮಾಡುವುದಿಲ್ಲ. ಬೇಡವಾದ ಕೆರೆಯನ್ನು ಕಾಯುವವರೂ ಇರುವುದಿಲ್ಲ.

ಧರ್ಮಾಂಬುಧಿ ಕೆರೆಯಿದ್ದ ಎಡೆಯಲ್ಲಿ ಇಂದು ಕೆಂಪೇಗೌಡ ಬಸ್ಸು ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಇವನ್ನು ಕೇವಲ ದುರಾಸೆಯ ಫಲವೆನ್ನುವುದು ನ್ಯಾಯವಾಗದು. ಬೆಳೆಯುತ್ತಿರುವ ಬಡ ನಾಡಿಗೆ ಬಸ್ಸು ನಿಲ್ಲಲು ಸ್ಥಳ ಬೇಕು, ಮಕ್ಕಳು ಆಡಲು ಬಯಲು ಬೇಕು, ಮನೆಯಿಲ್ಲದವರಿಗೆ ನಿವೇಶನ ಬೇಕು. ತೊಡಕಿರುವುದು ಇಲ್ಲಿಯೇ. ಇಂದಿನ ಅಗತ್ಯಕ್ಕೆ ಬಾಯಿಯುಂಟು, ಅದು ಕೂಗಿ ಕೇಳುತ್ತದೆ. ನಾಳೆಯ ಅಗತ್ಯಕ್ಕೆ ಬಾಯಿಲ್ಲ. ಬಾಯಿಲ್ಲದುದರ ಪರವಾಗಿ ಮಾತನಾಡುವುದೇ ಒಳ್ಳೆಯ ಆಡಳಿತದ ಲಕ್ಷಣ.

ತಿಳಿದವರು ಎಚ್ಚರಿಸದೆ ಇರಲಿಲ್ಲ. ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯ ಸಮಿತಿಯು ೧೯೮೬ರಲ್ಲಿಯೇ, ಉಳಿದಿರುವ ಕೆರೆಗಳನ್ನು ಒಡೆಯಬಾರದು, ಅವುಗಳಿಗೆ ಕೊಳಚೆ ನೀರನ್ನು ಬಿಡಬಾರದು ಎಂದು ಸಲಹೆಮಾಡಿತು. ಶಾಸನಗಳಿಗೂ ಕೊರತೆಯಿರಲಿಲ್ಲ. ಜಲಮಾಲಿನ್ಯವನ್ನು ತಡೆಯುವ ಕಾಯಿದೆ ೧೯೭೪ರಲ್ಲಿ ಬಂದಿತು. ೧೯೭೬ರ ೪೨ನೆಯ ತಿದ್ದುಪಡಿಯಿಂದ ಪರಿಸರವನ್ನು ಕಾಪಾಡುವುದು ರಾಜ್ಯದ ಕರ್ತವ್ಯವೆಂದು ೪೮-ಎ ಅನುಚ್ಛೇದದಲ್ಲಿಯೂ, ಕೆರೆ ನದಿ ಕಾಡುಗಳನ್ನು ರಕ್ಷಿಸುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ೫೧-ಎ ಅನುಚ್ಛೇದದಲ್ಲಿಯೂ ಸಂವಿಧಾನವು ಹೇಳಿತು. ರಾಜ್ಯದ ಹೊಣೆಯೊಡನೆ ಪ್ರಜೆಯ ಹೊಣೆಯನ್ನೂ ಜೊತೆಗಿಟ್ಟುದು ಗಮನಿಸತಕ್ಕ ಸಂಗತಿ.

ನೀರಿಗೆ ಬೆಂಕಿ ಬಿದ್ದ ಕತೆ

ಇಷ್ಟಾದರೂ ನಡೆದುದೇನು? ಬೆಂಗಳೂರಿನ ಆಗ್ನೇಯಕ್ಕೆ ಸುಮಾರು ೯೦೦ ಎಕರೆ ವಿಸ್ತಾರದ ಬೆಳ್ಳಂದೂರು ಕೆರೆಯಿದೆ. ನಗರದ ಕೊಳಚೆಯ ದೊಡ್ಡ ಭಾಗವು ದಶಕಗಳ ಕಾಲ ಅದಕ್ಕೆ ಹರಿಯಿತು. ಮನೆಮನೆಯ ಸಾಬೂನಿನ ಪುಡಿ, ಬಚ್ಚಲು ಕಕ್ಕಸುಗಳ ನೀರು, ಕಾರ್ಖಾನೆಗಳ ಹೊಲಸು, ಎಲ್ಲವೂ ಅಲ್ಲಿ ಕೂಡಿದುವು. ಕೋಡಿಯ ಬಳಿ ನೀರು ಧುಮುಕುವಲ್ಲಿ ನೊರೆಯು ಆಳೆತ್ತರಕ್ಕೆ ಎದ್ದು ರಸ್ತೆಗೆ ಹಾರಿತು. ೨೦೧೫ರ ಮೇ ತಿಂಗಳಲ್ಲಿ ಆ ಕೆರೆಗೆ ಬೆಂಕಿ ಬಿದ್ದಿತು; ೨೦೧೭ರ ಫೆಬ್ರವರಿಯಲ್ಲಿಯೂ ೨೦೧೮ರ ಜನವರಿಯಲ್ಲಿಯೂ ಮತ್ತೆ ಬಿದ್ದಿತು. ಬೆಂಕಿಯನ್ನು ಆರಿಸಬೇಕಾದ ನೀರೇ ಬೆಂಕಿಗೆ ನೆಲೆಯಾಯಿತು.

ಇದು ಯಾರ ತಪ್ಪು ಎಂದು ಕೇಳಿದಾಗ ಉತ್ತರವು ಸುಲಭವಾಗಿ ದೊರೆಯಲಿಲ್ಲ. ಕೆರೆಯ ನೆಲ ಒಂದು ಪ್ರಾಧಿಕಾರದ್ದು, ಕೊಳಚೆಯ ಕೊಳವೆ ಒಂದು ಮಂಡಳಿಯದು, ರಾಜಕಾಲುವೆ ನಗರ ಪಾಲಿಕೆಯದು, ಮಾಲಿನ್ಯದ ಪರೀಕ್ಷೆ ಇನ್ನೊಂದು ಮಂಡಳಿಯದು. ಕೆರೆಗಳ ಸಂರಕ್ಷಣೆಗೆಂದೇ ೨೦೧೪ರ ಕಾಯಿದೆಯಿಂದ ಏರ್ಪಟ್ಟ ಪ್ರಾಧಿಕಾರವು ಕೆಲವೇ ವರ್ಷಗಳಲ್ಲಿ ಬೇರೊಂದರಲ್ಲಿ ಲೀನವಾಯಿತು. ಪ್ರತಿಯೊಬ್ಬರೂ ತಮ್ಮ ಪಾಲಿನ ಕಾಗದವನ್ನು ಸರಿಯಾಗಿಯೇ ಬರೆದಿದ್ದಿರಬಹುದು. ಆದರೆ ಹಿಂದೆ ಏರಿಯ ಮೇಲೆ ನಡೆದಾಡುತ್ತಿದ್ದ ಒಬ್ಬ ನೀರಗಂಟಿಯ ಎಡೆಯನ್ನು ಅಷ್ಟೂ ಕಚೇರಿಗಳು ಕೂಡಿ ತುಂಬಲಾರದೆ ಹೋದುವು. ೨೦೧೮ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ರಾಜ್ಯ ಸರಕಾರಕ್ಕೆ ೫೦ ಕೋಟಿ ರೂಪಾಯಿಗಳನ್ನೂ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ೨೫ ಕೋಟಿ ರೂಪಾಯಿಗಳನ್ನೂ ದಂಡವಾಗಿ ವಿಧಿಸಿ, ಕೆರೆಗಳ ಶುದ್ಧಿಗಾಗಿ ೫೦೦ ಕೋಟಿ ರೂಪಾಯಿಗಳನ್ನು ತೆಗೆದಿಡುವಂತೆ ಆಜ್ಞೆಮಾಡಿತು. ಆ ದಂಡವನ್ನು ತೆರುವ ಬೊಕ್ಕಸವೂ ಪ್ರಜೆಗಳದೇ ಅಲ್ಲವೆ? ಕೊನೆಗೆ ಹೊಣೆಯು ಸುತ್ತಿ ಸುತ್ತಿ ಮನೆಯ ಬಾಗಿಲಿಗೇ ಬಂದು ನಿಂತಿತು.

ಒಬ್ಬರ ಬಚ್ಚಲು, ಇನ್ನೊಬ್ಬರ ಬಾವಿ

ಬೆಂಗಳೂರಿನ ಪೂರ್ವಕ್ಕಿರುವ ಕೋಲಾರ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ನದಿಯಿಲ್ಲ. ಅಲ್ಲಿ ಕೊಳವೆಬಾವಿಗಳು ಸಾವಿರ ಅಡಿಗಳನ್ನೂ ಮೀರಿ ಆಳಕ್ಕೆ ಇಳಿದುವು. ದೊರೆತ ನೀರಿನಲ್ಲಿಯೂ ಫ್ಲೋರೈಡಿನ ದೋಷವು ಕಂಡುಬಂದಿತು. ಇದಕ್ಕೆ ಪರಿಹಾರವಾಗಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ, ದಿನಕ್ಕೆ ೪೪ ಕೋಟಿ ಲೀಟರಿನಂತೆ ಪಂಪುಗಳ ಮೂಲಕ ಕೋಲಾರದ ನೂರಕ್ಕೆ ಮೇಲ್ಪಟ್ಟ ಕೆರೆಗಳಿಗೆ ತುಂಬುವ ಯೋಜನೆ ಸಿದ್ಧವಾಯಿತು. ೨೦೧೮ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ತಲಪಿದಾಗ ರೈತರು ಹಿಗ್ಗಿದರು. ಮರುತಿಂಗಳೇ ಅಲ್ಲಿಯೂ ನೊರೆಯು ಕಾಣಿಸಿಕೊಂಡು ಜನರಲ್ಲಿ ಭೀತಿಯುಂಟಾಯಿತು. ವಿಷಯವು ನ್ಯಾಯಾಲಯಗಳನ್ನು ಮುಟ್ಟಿತು. ತಡೆಗಳು ಬಂದು, ತೆರವಾಗಿ, ನೀರು ಮತ್ತೆ ಹರಿಯಿತು. ಬತ್ತಿದ್ದ ಬಾವಿಗಳಲ್ಲಿ ನೀರು ಮೇಲೆದ್ದುದು ನಿಜ. ಮೂರನೆಯ ಹಂತದ ಶುದ್ಧಿಯೂ ಆಗಲೇಬೇಕೆಂಬ ಕೋಲಾರದವರ ಬೇಡಿಕೆಯೂ ಅಷ್ಟೇ ನ್ಯಾಯವಾದುದು. ಬರದ ನಾಡಿನವನು ಕೊಟ್ಟದ್ದನ್ನೆಲ್ಲ ಕೈಯೊಡ್ಡಿ ತೆಗೆದುಕೊಳ್ಳಲಿ ಎಂಬುದು ದಾನಿಯ ಗರ್ವ. ದಾಸೋಹದಲ್ಲಿ ಗರ್ವಕ್ಕೆ ಎಡೆಯಿಲ್ಲ. ಪಡೆಯುವವನನ್ನು ತನಗಿಂತ ಹಿರಿಯನೆಂದು ಭಾವಿಸಿ ಶುಚಿಯಾದುದನ್ನೇ ನೀಡುವುದು ದಾಸೋಹದ ಕ್ರಮ.

ಈಗ ಬೆಂಗಳೂರಿನ ಗೃಹಿಣಿಯೊಬ್ಬಳು ಪಾತ್ರೆ ತೊಳೆದು ಚೆಲ್ಲುವ ನೀರು ಕೋಲಾರದ ರೈತನ ಬಾವಿಯ ಒರತೆಯಾಗುತ್ತಿದೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಕಾಣದವನಿಗೆ ಸಲ್ಲಬೇಕಾದ ಋಣವೇ ಇಂದಿನ ಕಾಲದ ದೊಡ್ಡ ಋಣ.

ಅಧಿಕಾರಿಯ ಕಾಯಕ

ಬಸವಣ್ಣನವರು ರಾಜಭಂಡಾರವನ್ನು ಬರಿದುಮಾಡಿ ಜಂಗಮರಿಗೆ ಹಂಚುತ್ತಿದ್ದಾರೆಂದು ಅಸೂಯಾಪರರು ಬಿಜ್ಜಳನಲ್ಲಿ ದೂರಿದಾಗ, ಎಣಿಸಿ ನೋಡಲಾಗಿ ಭಂಡಾರವು ತುಂಬಿಯೇ ಇದ್ದಿತೆಂದು ಪುರಾಣಗಳು ಹೇಳುತ್ತವೆ. ಇದನ್ನು ಪವಾಡವೆಂದು ಕೈಮುಗಿದು ಬಿಡುವವರು ಅದರ ಮರ್ಮವನ್ನು ಅರ್ಧ ಮಾತ್ರ ಅರಿತವರು. ಯಾವ ದಿನ ಯಾರು ಬಂದು ಎಣಿಸಿದರೂ ಲೆಕ್ಕ ಒಪ್ಪಿಸುವ ನಿರ್ಭಯವೇ ಆ ಕತೆಯ ತಿರುಳು. ಕೆರೆಯ ಸರ್ವೆಯನ್ನು ಬರೆಯುವ ಗುಮಾಸ್ತನಿಂದ ಹಿಡಿದು ಯೋಜನೆಗೆ ರುಜು ಹಾಕುವ ಹಿರಿಯ ಅಧಿಕಾರಿಯವರೆಗೆ ಎಲ್ಲರಿಗೂ ಈ ನಿರ್ಭಯವಿರಬೇಕು. ಸಂಬಳವನ್ನು ಪಡೆದು ಕೆಲಸವನ್ನು ಮುಂದಿನವರ ಮೇಜಿಗೆ ದಾಟಿಸುವುದು ಉದ್ಯೋಗವಾದೀತು, ಕಾಯಕವಾಗದು. ಲೆಕ್ಕವನ್ನು ಕೇಳುವ ಅಧಿಕಾರವೂ ಇಂದು ಬಿಜ್ಜಳನೊಬ್ಬನದಾಗಿ ಉಳಿದಿಲ್ಲ. ೨೦೦೫ರ ಮಾಹಿತಿ ಹಕ್ಕು ಕಾಯಿದೆಯು ಅದನ್ನು ಸಾಮಾನ್ಯ ಪ್ರಜೆಯ ಕೈಗೂ ಕೊಟ್ಟಿದೆ. ಕೇಳದೆ ಇರುವ ಪ್ರಜೆಯು ಕೊಡದೆ ಇರುವ ಅಧಿಕಾರಿಗೆ ಸಹಾಯಕನೇ ಆಗುತ್ತಾನೆ.

ಗೃಹಸ್ಥನ ದಾಸೋಹ

ಆಯ್ದಕ್ಕಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ, ಹೆಚ್ಚಾದುದನ್ನು ಹಿಂದಿರುಗಿಸಿ ಬನ್ನಿರೆಂದು ಸತಿ ಲಕ್ಕಮ್ಮನವರು ತಿದ್ದಿದರು. ಆ ಅಕ್ಕಿಯನ್ನು ಅವರು ಕದ್ದು ತಂದಿರಲಿಲ್ಲ, ಬಿದ್ದುದನ್ನೇ ಆಯ್ದುದು. ಆದರೂ ಅಗತ್ಯವನ್ನು ಮೀರಿದುದು ತಮ್ಮದಲ್ಲವೆಂಬ ನಿಷ್ಠೆ ಆ ತಾಯಿಯದು. ತನ್ನ ನಿವೇಶನದಲ್ಲಿ ಕೊರೆದ ಬಾವಿಯ ನೀರೆಲ್ಲ ತನ್ನದೆಂದು ನಂಬಿದ ಗೃಹಸ್ಥನು ಈ ಪ್ರಸಂಗವನ್ನು ನಿತ್ಯವೂ ನೆನೆಯಬೇಕು. ೨೦೨೪ರ ಬೇಸಗೆಯಲ್ಲಿ ಬೆಂಗಳೂರಿನ ಸರಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದುವೆಂದು ಸರಕಾರವೇ ತಿಳಿಸಿತು. ನೆಲದೊಳಗಿನ ನೀರಿಗೆ ಕಾಂಪೌಂಡಿನ ಗೋಡೆಯಿಲ್ಲವೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ಬೆಂಗಳೂರಿನಲ್ಲಿ ನಿಗದಿಯಾದ ಅಳತೆಯ ಮನೆಗಳಿಗೆ ೨೦೦೯ರಿಂದ ಮಳೆನೀರಿನ ಕೊಯ್ಲು ಕಡ್ಡಾಯವಾಗಿದೆ. ಅದನ್ನು ಅಳವಡಿಸಿಕೊಳ್ಳದೆ ತಿಂಗಳು ತಿಂಗಳೂ ದಂಡವನ್ನೇ ತೆರುವ ಮನೆಗಳೂ ಉಂಟು. ದಂಡದಿಂದ ಕಾಯಿದೆಯ ಬಾಯಿ ಮುಚ್ಚಬಹುದು, ಬಾವಿಗೆ ನೀರು ಬಾರದು. ಸೂರಿನ ನೀರನ್ನು ಒಂದು ಇಂಗುಗುಂಡಿಗೆ ಇಳಿಸುವುದು ಕಷ್ಟದ ಕೆಲಸವಲ್ಲ. ಮನೆಯ ಕೊಳಚೆಯನ್ನು ರಾಜಕಾಲುವೆಗೆ ಬಿಡದೆ ಕೊಳಚೆಯ ಕೊಳವೆಗೆ ಸೇರಿಸುವುದು, ಸಾಬೂನಿನ ಪುಡಿಯನ್ನು ಹಿತಮಿತವಾಗಿ ಬಳಸುವುದು, ಗ್ರಾಮಸಭೆಯಲ್ಲಿ ಎದ್ದುನಿಂತು ಊರ ಕೆರೆಯ ಗಡಿಯನ್ನೂ ಖರ್ಚನ್ನೂ ಕೇಳುವುದು, ಇವೆಲ್ಲವೂ ಗೃಹಸ್ಥನ ಶಕ್ತಿಗೆ ಒಳಪಟ್ಟವು. ಮಠಮಾನ್ಯಗಳಿಗೂ ಈ ನಿಯಮ ಸಲ್ಲುವುದು. ಜಾತ್ರೆಯಲ್ಲಿ ಸಾವಿರಾರು ಜನರಿಗೆ ಉಣಬಡಿಸಿ, ಎಂಜಲೆಲೆಯನ್ನೂ ಪಾತ್ರೆ ತೊಳೆದ ನೀರನ್ನೂ ಕೆರೆಯಂಗಳಕ್ಕೆ ತಳ್ಳಿದರೆ ಆ ದಾಸೋಹವು ಅರ್ಧಕ್ಕೇ ನಿಂತಂತಾಯಿತು.

ಪೂಜೆಗೆ ಮುನ್ನ ಮಜ್ಜನದ ನೀರು ಶುದ್ಧವಾಗಿದೆಯೇ ಎಂದು ಭಕ್ತನು ನೋಡಿಕೊಳ್ಳುತ್ತಾನೆ. ಅದು ಎಲ್ಲಿಂದ ಬಂದಿತು, ಮನೆಯ ಬಚ್ಚಲಿನಿಂದ ಹೊರಟ ನೀರು ಯಾವ ಕಾಲುವೆಯಲ್ಲಿ ಹರಿದು ಯಾವ ಊರಿನ ಕೆರೆಯನ್ನು ಸೇರುತ್ತದೆ ಎಂಬುದನ್ನೂ ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೋಗಿ ಕಂಡು ಬರಲಿ. ಆ ಊರಿನವರು ಅದರಿಂದ ಏನು ಬೆಳೆಯುತ್ತಾರೆ, ಅವರ ದನಗಳು ಅದನ್ನು ಕುಡಿಯುತ್ತವೆಯೇ ಎಂದು ವಿಚಾರಿಸಲಿ. ಕೆರೆಯ ಪಾಲನೆಯೆಂಬ ಕಾಯಕವು ಅಲ್ಲಿಂದಲೇ ಮೊದಲಾಗುವುದು.